ಒಂದೇ ಬೆಡಗಿನ ಎಣ್ಣು, ಬಸ್ ತುಂಬ ಬಾಡೂಟ

ಇದೆಲ್ಲ ನಡೆದಿರೋದೇ. ಒಂದ್ ಮಾತು ಸುಳ್ಳಾಗಿದ್ರೂ ನನ್ ಓಟ್ಲು ಒಲೆ ಇವತ್ತೇ ಆರೋಗ್ಲಿ, ಕಾಸಕ್ಕಿಟ್ಟ ಆಲೆಲ್ಲ ಒಡ್ದೋಗ್ಲಿ. ನಾನು ಓದಿರೋದು ಮೂರ್ನೇ ಕ್ಲಾಸು. ಆದ್ರೆ ದನಿನ ದಳ್ಳಾಳಿ ಮಾಡಿ, ಅದ್ರ ಜತೀಗೆ ಎಣ್ಣು ಗಂಡು ಕೂಡ್ಸಿ, ಅರಕಲಗೂಡಿಂದ ಚನ್ನರಾಯಪಟ್ಣದ ಗಂಟ ನನ್ ಮಾತು ಅಂದ್ರೆ ಮಾತು. ನಾನು ಕೂಡ್ತದೆ ಅಂದ ಸಂಬಂಧ ಕೂಡ್ದೆ ಓಗಿಲ್ಲ, ಕೂಡಕಿಲ್ಲ ಅಂದದ್ದು ಕೂಡಿಲ್ಲ. ಈಗ ವಯಸ್ಸಾಯ್ತು, ಹೊಳೆನರಸೀಪುರ ಬಸ್ ಸ್ಟಾಂಡ್ ಪಕ್ಕ ಓಟ್ಲು ಮಡಗ್ಕಂಡು ಗಲ್ಲಾದಲ್ಲಿ ಕುಂತಿವ್ನಿ. ನಾನಾಗಿ ಯಾರ ತಂಟೆಗೂ ಓಗಲ್ಲ. ತಂಟೆನೇ ಬಸ್ ಇಳ್ಕಂಡು ಟೀ ಕುಡ್ಯಕ್ಕೆ ಬತ್ತದೆ.

ಸೌಟು

ನನ್ ಮೊಮ್ಮಗಳು ಹಾಸನದಲ್ಲಿ ಡಿಗ್ರಿ ಓದ್ತಾಳೆ. ಒಂದಿನ ದಪ್ಪದೊಂದು ಬೊಂಬೆ ಪುಸ್ತಕ ತಂದು ಗಲ್ಲಾ ಮ್ಯಾಲೆ ಬುಟ್ಟೋಗಿದ್ಲು. ಜಪಾನ್ದು, ಮಾಂಗಾ ಅಂತರಂತೆ. ಬೇಕರಿ ಮಡಗಿರೋ ಒಬ್ಬ ಉಡ್ಗ, ಅವನ್ನ ಕಟ್ಕಳಕ್ಕೆ ಕಾದಿರೋ ಮೂರು ಜನ ಎಣ್ಮಕ್ಳು. ಅಷ್ಟೇ ಕತೆ. ಅಕ್ಸರ ನಂಗೆ ಬ್ಯಾಡ, ಬೊಂಬೆ ನೋಡ್ಕಂಡೇ ಓದ್ಬುಟ್ಟೆ. ಮೊದ್ಲು ಪಕ್ಕದ್ಮನೆ ಕೆಂಪುಕೂದ್ಲ ಉಡ್ಗಿ ಅವನಿಗೆ ಸೌಟಲ್ಲಿ ಬಾರಿಸ್ತಾಳೆ. ಆಮ್ಯಾಕೆ ಇಬ್ರೂ ಮಾತು ಬುಡ್ತರೆ. ಆಮ್ಯಾಕೆ ನಗ್ತರೆ. ಕೊನೇಗೆ ರಸ್ತೇಲಿ ಎದ್ರುಗೆ ಬಂದು ಯಾರೋ ಏನೋ ಅನ್ನಂಗೆ ನೋಡ್ಕಂಡು ನಿಂತರೆ.

"ಸಂಸಾರ ಸರಿಯಾಗಿ ಬರ್ದವ್ನೆ ಕಣವ್ವ" ಅಂದೆ.

ಮೊಮ್ಮಗಳು ಒಟ್ಟೆ ಇಡ್ಕಂಡು ನಕ್ಕಳು. "ತಾತ, ಜಪಾನ್ ಪುಸ್ತಕ ಬಲಗಡೆಯಿಂದ ಓದ್ಬೇಕು. ನೀನು ಕೊನೆಯಿಂದ ಶುರು ಮಾಡಿದ್ದೀಯ. ಮೊದ್ಲು ಪರಿಚಯ, ಆಮೇಲೆ ನಗು, ಆಮೇಲೆ ಸೌಟು."

"ಯಾವ್ ಕಡೆಯಿಂದಾದ್ರೂ ಓದ್ಕಳವ್ವ" ಅಂದೆ. "ನಿಮ್ಮಜ್ಜೀದು ನಂದು ಎಲ್ಲಿ ತೆರೆದ್ರೂ ಸೌಟೇ."

ಹಳೇಕೋಟೆ ಯಜಮಾನ

ಆ ಕತೆ ವಾರ್ವಾರ ಫೋನ್ಗೆ ಬತ್ತದಂತೆ. ಅರಕಲಗೂಡಿಂದ ನಮ್ಮೂರ ಮೇಲೆ ಚನ್ನರಾಯಪಟ್ಣಕ್ಕೆ ಓಗೋ ಬಸ್ನಲ್ಲಿ ಕಾಲೇಜ್ ಐಕ್ಳೆಲ್ಲ ಅದ್ನೇ ಓದೋದು. ಓದಿ ಸುಮ್ನಿದ್ರೆ ಆಯ್ತಿತ್ತು. ಅರಕಲಗೂಡ್ ಕಡೇರೆಲ್ಲ ಸೌಟಿನ ಉಡ್ಗಿ ಪಾರ್ಟಿ, ಪಟ್ಣದ ಕಡೇರೆಲ್ಲ ಎರಡ್ನೇಯವಳ ಪಾರ್ಟಿ. ಎರಡ್ನೇಯವಳು ದನಿನ ಡಾಕ್ಟ್ರು, ಆ ಬೇಕರಿ ಉಡ್ಗನ ಸೋದರಮಾವನ ಮಗಳು. ಬಸ್ ಕಂಡಕ್ಟ್ರು ಇದಾನಲ್ಲ, ಮೀಸೆ ಬೆಳ್ಳಗಾಗಿರೋನು, ಅವನೂ ಓದ್ತಾನೆ. ಅವನು ಸೌಟಿನ ಕಡೆ. ಡಾಕ್ಟ್ರು ಕಡೇರಿಗೆ ಚಿಲ್ರೆ ಕೊಡ್ದೆ ಟಿಕೆಟ್ ಇಂದ್ಗಡೆ ಬರ್ದು ಕಳಿಸ್ತಿದ್ದ.

ಒಂದಿನ ಎಲ್ಲ ನಮ್ಮ ಓಟ್ಲಲ್ಲೇ ಕುಂತು ಕಿತ್ತಾಡ್ತಾವ್ರೆ. "ಡಾಕ್ಟ್ರಿಗೇನ್ಲಾ ಕಮ್ಮಿ, ಗೌರ್ಮೆಂಟ್ ಕೆಲ್ಸ, ಒಳ್ಳೆ ಗುಣ, ಇನ್ನೂ ಮದ್ವೆ ಇಲ್ಲ" ಅಂತ ಒಬ್ಳು ಟೇಬಲ್ ಕುಟ್ಟಿದ್ಲು. ಮೂಲೇಲಿ ಹಳೇಕೋಟೆ ಯಜಮಾನ ಒಬ್ಬ ಇಡ್ಲಿ ತಿಂತಿದ್ದ. ಬೇಸಾಯ ಮಾಡೋ ಮೊಮ್ಮಗನಿಗೆ ಎಣ್ಣು ಸಿಗ್ದೆ ಸೋತೋಗಿದ್ದ. ತಟ್ಟೆ ಸಮೇತ ಎದ್ದು ಬಂದು ನನ್ ಕಿವೀಲಿ ಕೇಳ್ದ.

"ಯಾವೂರು ಎಣ್ಣು?"

"ಜಪಾನು."

"ಗದ್ದೆ ಕಡೆ ಸೀಮೆನೋ, ವಲದ ಕಡೆ ಸೀಮೆನೋ?"

"ಅಯ್ಯೋ ಮಾರಾಯ, ಅದು ಬೊಂಬೆ ಕಣಯ್ಯ. ಪುಸ್ತಕದಲ್ಲಿ ಬರ್ದಿರೋದು."

ಅವನು ಇಡ್ಲಿ ನುಂಗ್ದ. "ಅದೆಲ್ಲ ಇರ್ಲಿ. ಬೇಸಾಯ್ದೋನಿಗೆ ಕೊಡ್ತರಾ, ಅದೊಂದು ಕೇಳಿ."

ಅಲ್ಲು

ಜಗಳ ತೀರ್ಮಾನ ಮಾಡೋರು ಯಾರು? ನಾನೇ. ಎಷ್ಟು ಎಣ್ಣು, ಎಷ್ಟು ಅಸ ನೋಡಿರೋ ಕಣ್ಣು ಇದು. ಐಕ್ಳೆಲ್ಲ ಸುತ್ತ ನಿಂತ್ಕಂಡ್ರು. ನಾನು ಕನ್ನಡಕ ಏರಿಸ್ಕಂಡು ಫೋನ್ ಇಡ್ಕಂಡೆ.

"ಮೊದ್ಲು ಸುಳಿ ನೋಡ್ಬೇಕು" ಅಂದೆ. ಸೌಟಿನ ಉಡ್ಗಿಗೆ ನೆತ್ತಿ ಮ್ಯಾಲೆ ಒಂದ್ ಕೂದ್ಲು ಕೊಂಬಿನಂಗೆ ನೆಟ್ಟಗೆ ನಿಂತದೆ. "ಇದು ಕೊಂಬಲ್ಲಿ ತಿವಿಯೋ ಜಾತಿ. ಕಟ್ಟಿದ್ ಕಡೆ ನಿಲ್ಲಕಿಲ್ಲ." ಕಂಡಕ್ಟ್ರು ಮುಖ ಸಣ್ಣಗಾಯ್ತು.

"ಈಗ ಅಲ್ಲು. ದನಿನ ವಯಸ್ಸು ಗೊತ್ತಾಗೋದು ಅಲ್ಲು ಎಣಿಸಿದ್ರೇ. ಬಾಯಿ ದೊಡ್ಡದು ಮಾಡವ್ವ." ಮೊಮ್ಮಗಳು ಬೆಳ್ಳಲ್ಲಿ ಎಳ್ದು ಎಳ್ದು ಡಾಕ್ಟ್ರು ಬಾಯಿ ದೊಡ್ಡದು ಮಾಡಿದ್ಲು. ನೋಡ್ತೀನಿ, ಬಾಯಲ್ಲಿ ಬಿಡಿ ಬಿಡಿ ಅಲ್ಲೇ ಇಲ್ಲ. ಮ್ಯಾಲೊಂದು ಬಿಳೀ ಪಟ್ಟೆ, ಕೆಳಗೊಂದು ಬಿಳೀ ಪಟ್ಟೆ. ಮೂವರ್ದೂ ಅಂಗೇ. ನನ್ ಜೀವಮಾನದಲ್ಲಿ ಒಂದೇ ಅಲ್ಲಿನ ಪ್ರಾಣಿ ಕಂಡಿರ್ಲಿಲ್ಲ.

"ಇದು ಮೋಸದ ಯಾಪಾರ" ಅಂದೆ. "ಅಲ್ಲು ತೇದು ವಯಸ್ಸು ಮುಚ್ಚವ್ರೆ."

ಪಟ್ಣದ ಉಡ್ಗಿ ಒಬ್ಳು ಸೊಂಟದ ಮ್ಯಾಲೆ ಕೈ ಮಡಗಿ ಕೇಳಿದ್ಲು. "ತಾತ, ನಿಂದು ತೋರ್ಸು ನೋಡಾಣ."

ನಾನು ಬಾಯಿ ತೆರೆದೆ. ಮ್ಯಾಲೆ ಪಟ್ಟೇನೂ ಇರ್ಲಿಲ್ಲ.

ಎಲೆ ಅಡಿಕೆ

ಅಷ್ಟಾದ್ರೂ ತೀರ್ಮಾನ ಕೊಟ್ಟೆ. ಡಾಕ್ಟ್ರೇ ಗೆಲ್ಲೋದು. ಸೋದರಮಾವನ ಮಗಳು, ವರಸೇಲಿ ಮೊದ್ಲ ಅಕ್ಕು ಅವಳ್ದೇ. ಅಸಾನೂ ನೋಡ್ಕತಾಳೆ, ಬೇಕರಿಗೆ ಆಲಿನ ಖರ್ಚಿಲ್ಲ.

"ಮೂರ್ನೇಯವಳ್ನ ನೀನು ನೋಡ್ಲೇ ಇಲ್ಲ ತಾತ" ಅಂದ್ಲು ಮೊಮ್ಮಗಳು. ಮೂರ್ನೇಯವಳು ಪೋಸ್ಟ್ ಆಫೀಸ್ ಗುಮಾಸ್ತೆ, ಸಣ್ಣಕ್ಕೆ ಇರೋಳು, ಬೇಕರಿ ಉಡ್ಗ ಸುಟ್ಟಾಕ್ದ ಬನ್ನೇ ಕೇಳಿ ಕೇಳಿ ತಗಳ್ಳೋಳು. ಅವಳ ಮನೆತನದ ಎಸ್ರೂ ಉಡ್ಗನ ಮನೆತನದ ಎಸ್ರೂ ಒಂದೇ. ಅದ್ಕೇ ಜನ ಇಬ್ರನ್ನೂ ಗಂಡ ಎಂಡ್ತಿ ಅಂದ್ಕಂಡು ಕಾಗ್ದ ಅದ್ಲುಬದ್ಲು ಆಯ್ತದಂತೆ, ಕತೇಲಿ ನಗಿಸೋದೇ ಅದಂತೆ.

ನಾನು ಎದ್ದು ನಿಂತೆ. "ಮುಗೀತು. ಮನೆಸ್ರು ಒಂದೇ ಅಂದ್ಮ್ಯಾಕೆ ಬೆಡಗು ಒಂದೇ, ಗೋತ್ರ ಇದ್ದಂಗೆ. ಒಂದೇ ಬೆಡಗ್ನೋರು ಅಣ್ತಂಗಿ ಲೆಕ್ಕ. ಕೊಟ್ಟು ತರಂಗಿಲ್ಲ. ಈ ಮದ್ವೆ ದೇವ್ರು ಬಂದು ನಿಂತ್ರೂ ಆಗಕಿಲ್ಲ."

"ಅಲ್ಲಿ ಬೆಡಗು ಗಿಡಗು ಇಲ್ಲ ತಾತ."

"ಬೆಡಗು ಇಲ್ದೆ ಜನ ಎಂಗವ್ವ ಉಟ್ತರೆ?"

ಒಳಗಿಂದ ನನ್ ಎಂಡ್ತಿ ದೋಸೆ ತಿರುವಾಕ್ತ ಅಂದ್ಲು. "ಸುಟ್ಟಿದ್ದ ತಿಂದು ಸುಮ್ಕಿರೋಳೇ ಮನೆ ಮಾಡೋಳು. ನೀವು ಬಾಯಿ ಆಕ್ಬ್ಯಾಡಿ, ಸುಮ್ಕಿರಿ ಅತ್ಲಾಗೆ."

ಸುಮ್ಕಿರೋ ಜಾತಿನಾ ನಾನು? "ಲೇ ಕಂಡಕ್ಟ್ರು, ಕೇಳಿಸ್ಕಳ್ಲಾ. ಆ ಗುಮಾಸ್ತೇನ ಅವನು ಕಟ್ಕಂಡ್ರೆ, ನೀನು ಊಟಕ್ಕೆ ತಂದ ದಿನ ನಿನ್ ಬಸ್ಸಲ್ಲಿ ಎಷ್ಟು ಜನ ಇರ್ತರೋ ಅಷ್ಟಕ್ಕೂ ಮಟನ್ ಸಾರು, ಮುದ್ದೆ, ಅನ್ನ ನಂದು."

ಕಂಡಕ್ಟ್ರು ಸೀದಾ ಎದ್ದ. ಪಕ್ಕದ ಅಂಗ್ಡಿಗೆ ಓಗಿ ಎಲೆ ಅಡಿಕೆ ತಂದು ನನ್ ಕೈಯಾಗೆ ಇಕ್ದ. ಎಲೆ ಅಡಿಕೆ ಇಡ್ದ ಮ್ಯಾಕೆ ಮಾತು ತಪ್ಪಂಗಿಲ್ಲ. ತಪ್ಪಿದ್ರೆ ನನ್ ದಳ್ಳಾಳಿ ಎಸ್ರು ಮೂರು ತಾಲೂಕಲ್ಲೂ ಮಣ್ಣುಪಾಲು. ನಾನು ಎಲೆ ಮಡಚ್ಕಂಡು ಬಾಯಿಗೆ ಆಕ್ಕಂಡೆ. ಬಾಯಲ್ಲಿ ಅಲ್ಲು ಇಲ್ವಲ್ಲ, ಅಡಿಕೆ ಕುಟ್ಟಿಸ್ಕಂಡೇ ಆಕ್ಕಂಡೆ.

ಮುಯ್ಯಿ

ಕೊನೇ ಕಂತು ಬಂತು. ಓಟ್ಲಲ್ಲಿ ಜಾಗ ಇಲ್ಲ. ಮೊಮ್ಮಗಳು ಬೆಂಚ್ ಮ್ಯಾಲೆ ನಿಂತು ಕನ್ನಡ ಮಾಡ್ಕಂಡು ಓದ್ತಾವ್ಳೆ. ಬೇಕರಿ ಉಡ್ಗ ಒಂದ್ ಬನ್ ತಗಂಡು ನಡ್ಕಂಡು ಒಂಟ. ಡಾಕ್ಟ್ರು ಮನೆ ದಾಟ್ದ. ನಾನು ಗಲ್ಲಾ ಬುಟ್ಟು ಎದ್ದು ನಿಂತೆ. ಸೌಟಿನ ಮನೆ ದಾಟ್ದ. ಕಂಡಕ್ಟ್ರು ಕಣ್ಣಲ್ಲಿ ನೀರು. ಸೀದಾ ಪೋಸ್ಟ್ ಆಫೀಸಿಗೆ ಓಗಿ "ನನ್ನ ಮದ್ವೆ ಆಯ್ತೀಯಾ" ಅಂತ ಕೇಳ್ದ.

ಅವಳು ಬನ್ ಕಚ್ಚಿ, "ಆಗ್ಲಿ. ಎಸ್ರು ಬದ್ಲಾಯ್ಸೋ ಖರ್ಚೂ ಇಲ್ಲ" ಅಂದ್ಲಂತೆ.

"ಈ ಮದ್ವೆ ಊರ್ಜಿತ ಆಗಕಿಲ್ಲ" ಅಂತ ನಾನು ಕೂಗ್ದೆ. "ಅಣ್ತಂಗಿ ಅವರು. ಪಂಚಾಯ್ತಿ ಸೇರ್ಸಿ ಬುಡಿಸ್ರಪ್ಪ."

"ಬುಡಿಸಾಣ ಯಜಮಾನ್ರೆ" ಅಂದ ಕಂಡಕ್ಟ್ರು ಕಣ್ಣು ವರೆಸ್ಕಂಡು. "ಉಂಡು ಬುಡಿಸಾಣ."

ಕಳ್ಳ ನನ್ಮಗ, ಖಾಲಿ ಬಸ್ ತರ್ತಾನಾ? ಸಂತೆ ದಿನ ತಂದ. ಎಂಗಸ್ರಿಗೆ ಟಿಕೆಟ್ ಫ್ರೀ ಬ್ಯಾರೆ. ಬಾಗ್ಲಲ್ಲಿ ನೇತಾಡ್ಕಂಡು ಬಂದ್ರು, ಏಣಿ ಮ್ಯಾಲೆ ಕುಂತು ಬಂದ್ರು. ಬಸ್ಸಿಂದ ಜನ ಇಳ್ಯೋದು ನಿಲ್ತಾನೇ ಇಲ್ಲ. ದಾರೀಲಿ ಟಿಕೆಟ್ ನೋಡಕ್ಕೆ ಅತ್ತಿದ್ದ ಚೆಕಿಂಗ್ನೋರೂ ಕೈ ತೊಳ್ಕಂಡು ಕುಂತ್ರು. ಬಸ್ ಲೇಟಾಯ್ತದೆ ಅಂತ ಒಬ್ಬ ನರಪಿಳ್ಳೆ ಕೇಳ್ಳಿಲ್ಲ. ನನ್ ಎಂಡ್ತಿ ಸೌಟು ಇಡ್ಕಂಡು ಬಡಿಸ್ತಾವ್ಳೆ, ನನ್ ಕಡೆ ಬಂದಾಗ್ಲೆಲ್ಲ ಸೌಟು ವಸಿ ಮ್ಯಾಕೆ ಏಳ್ತಿತ್ತು.

ಹಿರೀಸಾವೆಗೆ ಓಗೋ ಅಜ್ಜಿ ಒಬ್ಳು ಎರಡ್ ಸರ್ತಿ ಸಾರು ಆಕಿಸ್ಕಂಡು ಉಂಡು, ಬಾಯಿ ವರೆಸ್ಕಂಡು ನನ್ ತಾವ ಬಂದ್ಲು. "ಯಾರ್ದಪ್ಪ ಮದ್ವೆ? ಎಣ್ಣು ಗಂಡು ಎಲ್ಲವ್ರೆ?"

ಮೊಮ್ಮಗಳ ಫೋನ್ ಇಸ್ಕಂಡು ತೋರ್ಸ್ದೆ. ಅಜ್ಜಿ ಕಣ್ಣು ಕಿರಿದು ಮಾಡ್ಕಂಡು ಸುಮಾರೊತ್ತು ನೋಡಿದ್ಲು.

"ಕಣ್ಣು ದೊಡ್ಡವು, ಲಕ್ಷಣವಾಗವ್ಳೆ. ಮೂಗು ವಸಿ ಕಮ್ಮಿ" ಅಂದ್ಲು. ಆಮ್ಯಾಕೆ ಸಂತೆ ಚೀಲಕ್ಕೆ ಕೈ ಆಕಿ ನಾಕು ಅಕ್ಕಿಕಾಳು ತಗದು ಫೋನ್ ಮ್ಯಾಲೆ ಆಕಿ ಕೈ ಮುಗ್ದ್ಲು. ಅವಳ ಇಂದೆ ಬಸ್ಸಿನ ಎಂಗಸ್ರೆಲ್ಲ ಸಾಲಾಗಿ ನಿಂತು ಅಕ್ಕಿ ಆಕಿದ್ರು. ಫೋನ್ ಕಾಣ್ದಂಗೆ ಮುಚ್ಚೋಯ್ತು.

ಅಜ್ಜಿ ಸೆರಗಿನ ಗಂಟು ಬಿಚ್ಚಿ ನನ್ ಕೈಗೆ ನೂರಾ ಒಂದ್ರೂಪಾಯಿ ಇಕ್ಕಿದ್ಲು. "ಉಂಡ ಮನೆಗೆ ಮುಯ್ಯಿ ಇಕ್ದೆ ಓಗಬಾರ್ದು. ಎಣ್ಣಿನ ಕಡೇರೋ ಗಂಡಿನ ಕಡೇರೋ ನೀವು?"

"ಎರಡೂ ಕಡೇರೇ ಕಣಮ್ಮ" ಅಂದೆ. "ಒಂದೇ ಬೆಡಗು."

ಮಟನ್ನು, ಅಕ್ಕಿ, ರಾಗಿ, ಮಸಾಲೆ, ಎಲೆ, ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ನಾನೂರ ಐವತ್ತು ಆಯ್ತು. ಅಜ್ಜಿ ಮುಯ್ಯಿ ಕಳೆದ್ರೆ ನಂಗೆ ಲಾಸು ಇಪ್ಪತ್ತೆರಡು ಸಾವಿರದ ಮುನ್ನೂರ ನಲವತ್ತೊಂಬತ್ತು ರೂಪಾಯಿ.