ನಲವತ್ತಮೂರು ಊರಿಗೆ ಹಂಚಿಹೋದ ಒಂದು ಕ್ಷಮಾಪಣೆ

ನೀರಿನ ಟ್ಯಾಂಕಿನ ಪಕ್ಕದ ಕೋಣೆಯಲ್ಲಿ ಕುಳಿತು ಹವ್ಯಾಸಿ ರೇಡಿಯೋದವರ ಪತ್ರಗಳನ್ನು ಕಾಯುತ್ತಿರುವ ಸಂದೇಶ ಫಲಕದ ಕಂಪ್ಯೂಟರ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಫ್ಯಾನು ನಿಲ್ಲದಿರಲಿ, ಕರೆಂಟು ಹೋಗದಿರಲಿ, ಆಂಟೆನಾದ ಮೇಲೆ ಕಾಗೆ ಕೂರದಿರಲಿ ಎಂದು ದೇವರಲ್ಲಿ ಬೇಡಿಕೊಂಡು, ಹೊಲಿಗೆ ಕೆಲಸದವಳಾದ ನಾನು ಸಂಘದ ಮಾಸಪತ್ರಿಕೆಯ ಮೂಲಕ ಮಾಡಿಕೊಳ್ಳುವ ಅರಿಕೆ ಏನೆಂದರೆ:

ನನ್ನ ಅಣ್ಣ ಕಡಲ ನಡುವಿನ ದೀಪಸ್ತಂಭ ಕಾಯುವವನು. ಒಂಬತ್ತು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಅವನು ಬರಲಿಲ್ಲ. ಇನ್ನು ನೀನು ನಮ್ಮ ಪಾಲಿಗಿಲ್ಲ ಎಂದು ನಾನು ಕಾಗದ ಹಾಕಿದೆ. ಅವನ ಬದಲಿಗೆ ಹೋಗಬೇಕಿದ್ದವನು ಜ್ವರದಲ್ಲಿ ಮಲಗಿದ್ದನೆಂದೂ, ದೀಪವನ್ನು ಒಂಟಿ ಬಿಟ್ಟು ಬರುವ ಹಾಗೆಯೇ ಇರಲಿಲ್ಲವೆಂದೂ ನನಗೆ ತಿಳಿದದ್ದು ಹೋದ ವರ್ಷ, ಆ ಬದಲಿಯವನ ಹೆಂಡತಿ ಅಂಗಿ ಹೊಲಿಸಲು ಬಂದಾಗ. ಆಮೇಲೆ ಬರೆದ ಮೂರು ಕಾಗದಗಳೂ ಒಡೆಯದೆ ವಾಪಸು ಬಂದವು. ಸಂಜೆ ಹೊತ್ತು ಅಣ್ಣ ಹವ್ಯಾಸಿ ರೇಡಿಯೋ ಮುಂದೆ ಕೂತು ಪರದೆಯಲ್ಲಿ ಬರುವ ಪತ್ರಗಳನ್ನೂ ಓದುತ್ತಾನೆಂದು ಅದೇ ಹೆಂಗಸು ಹೇಳಿದಳು. ದನಿ ಕೇಳಿದರೆ ಸ್ವಿಚ್ಚು ಆರಿಸಿಯಾನು, ಪರದೆಯ ಮೇಲಿನ ಅಕ್ಷರವಾದರೆ ಓದಿಯಾನು ಎಂಬ ಆಸೆಯಿಂದ ನಾನು ಐವತ್ತನೆಯ ವಯಸ್ಸಿನಲ್ಲಿ ರೇಡಿಯೋ ಪರೀಕ್ಷೆಗೆ ಕೂತು, ಒಮ್ಮೆ ಡುಮ್ಕಿ ಹೊಡೆದು, ಇನ್ನೊಮ್ಮೆ ಪಾಸಾಗಿ, ಲೈಸೆನ್ಸು ತೆಗೆದುಕೊಂಡೆ.

ನಮ್ಮ ಬೀದಿಯ ಗಡಿಯಾರ ರಿಪೇರಿಯವರು ಹೊಲಿಗೆ ಯಂತ್ರದ ಪಕ್ಕದಲ್ಲೇ ಹಳೆಯ ಕಂಪ್ಯೂಟರೊಂದನ್ನು ಇಟ್ಟು, ಟೈಪು ಮಾಡಿದ ಮಾತನ್ನು ಸಣ್ಣ ಸಣ್ಣ ಕಟ್ಟು ಕಟ್ಟಿ ಕೀರಲು ಸದ್ದಿನಲ್ಲಿ ರೇಡಿಯೋಗೆ ಒಪ್ಪಿಸುವ ಡಬ್ಬಿಯನ್ನು ಜೋಡಿಸಿಕೊಟ್ಟರು. ದಾರಿಯಲ್ಲಿ ಒಂದು ಕಟ್ಟು ಬಿದ್ದುಹೋದರೂ ತಾವು ಬೇಸರವಿಲ್ಲದೆ ಮತ್ತೆ ಕೇಳಿ ತರಿಸಿಕೊಳ್ಳುತ್ತೀರೆಂದು ತಿಳಿದು ನನಗೆ ಭಕ್ತಿಯೇ ಹುಟ್ಟಿತು. ಸಿಗದ ಮಾತನ್ನು ಇನ್ನೊಮ್ಮೆ ಕೇಳುವ ಗುಣ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ.

ಆದರೆ ಮಾನ್ಯರೇ, ಮೊದಲ ದಿನ ತಮ್ಮ ಬಾಗಿಲು ತೆರೆದೊಡನೆ ನಾನು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತೆ. ಕಣ್ಣು ತೆರೆಯುವಷ್ಟರಲ್ಲಿ, ಹತ್ತು ನಿಮಿಷ ಏನೂ ಬರೆಯದ ಕಾರಣ ಸಂಪರ್ಕ ಕಡಿಯಲಾಗಿದೆ ಎಂದು ತಿಳಿಸಿದ್ದಿರಿ. ಎರಡನೆಯ ದಿನವೂ ಅಷ್ಟೇ. ಹತ್ತು ನಿಮಿಷದ ಮೌನಕ್ಕೇ ಸಂಬಂಧ ಮುರಿಯುವ ತಮ್ಮ ಶಿಸ್ತು ದೊಡ್ಡದು. ನಾವು ಅಣ್ಣ ತಂಗಿ ಈ ವಿದ್ಯೆಯಲ್ಲಿ ಬಹಳ ನಿಧಾನ.

ಮೂರನೆಯ ದಿನ ಪ್ರಾರ್ಥನೆಯನ್ನು ಮೊದಲೇ ಮುಗಿಸಿ ಬಂದೆ. ಪತ್ರ ಒಬ್ಬರಿಗೋ, ಎಲ್ಲರಿಗೋ ಎಂದು ತಾವು ಕೇಳಿದಿರಿ. ದೇವರ ಮುಂದೆ ಒಪ್ಪಿಕೊಂಡ ತಪ್ಪನ್ನು ಜನರಿಂದ ಮುಚ್ಚಿಡುವುದು ಸಲ್ಲದೆಂದು ತಿಳಿದು, ಎಲ್ಲರಿಗೂ ಎಂದೆ. ಎಲ್ಲರೂ ಎಂದರೆ ನಮ್ಮ ಸಂಘದ ಹನ್ನೆರಡು ಜನ ಎಂದುಕೊಂಡಿದ್ದೆ. ತಾವು ನಿಷ್ಠೆಯಿಂದ ಪ್ರತಿ ತೆಗೆದು ತಮ್ಮಂಥ ನಲವತ್ತಮೂರು ಊರಿನ ಯಂತ್ರಗಳಿಗೆ ಮುಟ್ಟಿಸಿದಿರಿ. ಗಡಿಯಾರದವರು ಪರದೆಯನ್ನು ನೋಡಿ, “ಅಕ್ಕಾ, ಇದನ್ನ ಓದದೆ ಉಳಿದೋನು ಅಂದ್ರೆ ನಿಮ್ಮಣ್ಣ ಒಬ್ಬನೇ ಇರಬೇಕು” ಅಂದರು.

ಅಲ್ಲಿಂದ ಉತ್ತರಗಳು ಬಂದವು. ಹಲ್ಲಿನ ಡಾಕ್ಟರೊಬ್ಬರು ತಪ್ಪು ನನ್ನದೇ ಎಂದು ತೀರ್ಪು ಕೊಟ್ಟರು. ರೈಲಿನ ಸಿಗ್ನಲಿನವರು, ಬಾಯಿ ಬಿಟ್ಟು ಕಾರಣ ಹೇಳದ ಅಣ್ಣನದೇ ತಪ್ಪು ಎಂದರು. ಯಾರೋ ಪುಣ್ಯಾತ್ಮರು ಮನಸ್ಸಿನ ಶಾಂತಿಗೆ ದಿನಕ್ಕೆ ಎರಡು ಮೈಲಿ ನಡೆಯಿರಿ ಎಂದರು. ಅಣ್ಣನೂ ಬರುತ್ತಿದ್ದಾನೆ: ದಿನವೂ ದೀಪ ಹಚ್ಚಿದ ಮೇಲೆ, ಏಳಕ್ಕೆ ಹತ್ತು ನಿಮಿಷವಿರುವಾಗ, ತಮ್ಮ ಭೇಟಿಯವರ ಪಟ್ಟಿಯಲ್ಲಿ ಅವನ ಗುರುತು ಕಾಣುತ್ತದೆ. ಓದುತ್ತಾನೆ, ಒಂದಕ್ಷರವೂ ಬರೆಯದೆ ಹೋಗುತ್ತಾನೆ. ಇಂದಿಗೆ ಒಂಬತ್ತು ದಿನ. ಇದನ್ನು ನನಗೆ ಇಷ್ಟು ಕರಾರುವಾಕ್ಕಾಗಿ ತೋರಿಸಿ ಎಂದು ತಮ್ಮನ್ನು ಕೇಳಿದವರಾರು?

ಆದಕಾರಣ ನನ್ನ ಕಾಗದವನ್ನು ನಲವತ್ತಮೂರು ಊರುಗಳಿಂದಲೂ, ಓದಿದವರ ತಲೆಗಳಿಂದಲೂ ವಾಪಸು ತರಿಸಿ, ಒಂದು ಪ್ರತಿಯನ್ನು ಮಾತ್ರ ಅಣ್ಣನ ಬಳಿ ಉಳಿಸಬೇಕಾಗಿ ಪ್ರಾರ್ಥನೆ. ಅದಾಗದಿದ್ದರೆ, ನಾಳೆ ಅವನು ಓದಿ ಎದ್ದು ಹೊರಟಾಗ ದಯವಿಟ್ಟು ಅವನ ಅಂಗಿಯ ತೋಳು ಹಿಡಿದು ಕೂರಿಸಿಕೊಳ್ಳಿ. ಕೈಯಿಲ್ಲವೆಂಬ ನೆಪ ಬೇಡ. ಇಷ್ಟು ಊರಿಗೆ ಹಂಚಲು ಎಲ್ಲಿಂದ ಬಂದಿತ್ತು?

ತಮ್ಮ ಅಪ್ಪಣೆಯಿರುವವರೆಗೆ ತಮ್ಮ ಬಾಗಿಲಲ್ಲೇ ಕಾಯುವ,
ತಮ್ಮ ವಿಶ್ವಾಸಿ,
ಹೊಲಿಗೆಯಾಕೆ

ವಿ.ಸೂ.: ಈ ಕಾಗದವನ್ನು ಮಡಿಸುವ ಹೊತ್ತಿಗೆ ಅಣ್ಣನದು ಬಂತು, ಅದೂ ಎಲ್ಲರ ಹೆಸರಿಗೆ. “ಎಲ್ರಿಗೂ ನಮಸ್ಕಾರ. ಆ ಕಾಗದ ಬರೆದೋಳು ನನ್ನ ತಂಗಿ. ಅವಳಿಗೆ ಬುದ್ಧಿ ಹೇಳೋದನ್ನ ಇವತ್ತಿಗೇ ನಿಲ್ಸಿ. ಅವಳನ್ನ ಬೈಯೋಕೆ ನಾನಿದೀನಿ. ಬದಲಿಯವನು ಬಂದ ದಿನ ಹೊರಟು ಬರ್ತೀನಿ.” ಹೀಗಿದ್ದರೂ ದೂರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ತಾವು ಉತ್ತರ ಬರೆಯುವ ತೊಂದರೆಯನ್ನು ಮಾತ್ರ ತೆಗೆದುಕೊಳ್ಳಬೇಡಿ, ಬರೆಯಬೇಕಾದವನು ಬರೆದಾಯಿತು.