ಸೆಟ್ಲ್ ಆಗದ ಸೋದರಮಾವ

ನಮ್ಮಣ್ಣನಷ್ಟು ಸೆಟ್ಲ್ ಆದ ಮನುಷ್ಯ ಬಳ್ಳಾರಿ ಜಿಲ್ಲೆಯಲ್ಲೇ ಇಲ್ಲ ಎಂದರೆ ನಮ್ಮ ಬಳಗ ಬಿದ್ದು ಬಿದ್ದು ನಕ್ಕೀತು! ಸುಗ್ಗಿಗೆ ಸಿರುಗುಪ್ಪದ ಅಕ್ಕಿ ಗಿರಣಿ, ಬೇಸಿಗೆಗೆ ಬಳ್ಳಾರಿಯ ಜೀನ್ಸ್ ಹೊಲಿಗೆ, ಬೇಜಾರಾದರೆ ಕುರುಗೋಡಿನ ಗೆಳೆಯನ ಚಹಾ ಅಂಗಡಿ. ಮದುವೆಯಿಲ್ಲ, ಮನೆಯಿಲ್ಲ. ಕಂಡವರೆಲ್ಲ ಕೇಳುವುದು ಒಂದೇ: "ಇನ್ನೂ ಸೆಟ್ಲ್ ಆಗ್ಲಿಲ್ಲೇನಪಾ?"

ಕೇಳಿ ಕೇಳಿ ಸಾಕಾಗಿ ಒಮ್ಮೆ ನನ್ನ ಮಗಳನ್ನು ಹಿಡಿದ. "ಲೇ ಪುಟ್ಟಿ, ಈ ಸೆಟ್ಲ್ ಅಂದ್ರ ಏನು? ಫೋನಿನ್ಯಾಗ ನೋಡಿ ಹೇಳು."

ಏಳನೇ ಕ್ಲಾಸಿಗೇ ಪುಸ್ತಕ ಮುಚ್ಚಿದ ನಾನೂ ಕಿವಿಗೊಟ್ಟೆ. ಹಳೆಯ ಇಂಗ್ಲಿಷಿನಲ್ಲಿ ಕೂರುವ ಪೀಠಕ್ಕೆ ಹೆಚ್ಚುಕಮ್ಮಿ ಇದೇ ಹೆಸರಂತೆ. ಅದರಿಂದಲೇ ಕೂರಿಸು, ನೆಲೆ ನಿಲ್ಲು ಎಂದೆಲ್ಲ ಆಯಿತಂತೆ. ಜಗಳ ಬಗೆಹರಿದರೂ, ನೀರಿನ ರಾಡಿ ತಳಕ್ಕಿಳಿದರೂ, ಧೂಳು ಕೂತರೂ ಅದೇ ಮಾತಂತೆ!

"ಹಂಗಾದ್ರ ಸಿರುಗುಪ್ಪ ಬಸ್ಸಿನ್ಯಾಗ ಕಿಟಕಿ ಸೀಟು ಸಿಕ್ರ ನಾನೂ ಸೆಟ್ಲ್!" ಎಂದ ಅಣ್ಣ.

ಅಲ್ಲಿಗೆ ಮುಗಿಯಿತೇ? ಮುಂದೆ ಯಾರೋ ನೆಂಟರು ಅದೇ ಪ್ರಶ್ನೆ ಎತ್ತಿದಾಗ ಕಿಟಕಿಯ ಮೇಲೆ ಬೆರಳೆಳೆದು ತೋರಿಸಿದ: "ಬಳ್ಳಾರ್ಯಾಗ ಈ ಧೂಳಿಗಿಂತ ಚಲೋ ಸೆಟ್ಲ್ ಆದವ್ರನ್ನ ಒಬ್ರನ್ನ ತೋರಸ್ರಿ!" ಇನ್ನೊಮ್ಮೆ ನಮ್ಮ ಓಣಿಯ ಎರಡು ಮನೆಯವರ ನಲ್ಲಿ ನೀರಿನ ಜಗಳ ಬಿಡಿಸಿ, ಎರಡೂ ಮನೆಯಲ್ಲಿ ಚಹಾ ಕುಡಿದು ಬಂದ. "ನಾ ಸೆಟ್ಲ್ ಆಗಿಲ್ಲ, ಖರೆ. ಮಂದೀನ ಮಾಡ್ತೀನಲ್ಲ!"

ಇಂಥ ಅಣ್ಣನಿಗೆ ನಾನು ಮಾಡಿದ್ದೇನು? ಮಗಳನ್ನು ನೋಡಲು ಸಿರಿಗೇರಿಯಿಂದ ಬರುವವರಿದ್ದರು. "ಅಣ್ಣಾ, ಆವತ್ತು ನೀ ಬರಬ್ಯಾಡ. ನಿನ್ನ ಕೆಲಸ ಕೇಳಿದ್ರ ಏನ್ ಹೇಳ್ಲಿ?" ಎಂದುಬಿಟ್ಟೆ.

"ಆತು ಬಿಡವಾ" ಎಂದ. ನಗುತ್ತಲೇ ಅಂದ.

ಬಂದವರು ಕೂತ ಕೂಡಲೇ ಕೇಳಿದರು: "ಹುಡುಗಿ ಸೋದರಮಾವ ಎಲ್ಲಿ? ಅವ್ರಿಲ್ದ ಮಾತುಕತಿ ಹೆಂಗ?"

"ಊರಾಗಿಲ್ರಿ" ಎಂದೆ.

ಹುಡುಗನ ತಂದೆ ಚಹಾ ಊದುತ್ತಾ, "ಈ ಕೌಲ್ ಬಜಾರಿನ ಸಂದ್ಯಾಗ ದಾರಿ ತಪ್ಪಿದ್ವಿ. ಮೂಲ್ಯಾಗ ನಿಂತಿದ್ದ ಒಬ್ಬಾತ ನಿಮ್ಮ ಬಾಗಿಲ ತನಕ ತಂದು ಬಿಟ್ಟ. ಒಳಗ ಬಾ ಅಂದ್ರ ಒಲ್ಲೆ ಅಂದ. ದಾರಿ ತುಂಬ ನಿಮ್ಮ ಹುಡುಗೀನ ಹೊಗಳಿದ್ದೇ ಹೊಗಳಿದ್ದು! ಯಾರವ್ವಾ ಅವ್ರು?" ಎಂದರು.

ಮಗಳು ನನ್ನನ್ನೇ ನೋಡಿದಳು. ಇನ್ನೊಂದು ಸುಳ್ಳಿಗೆ ನಾಲಿಗೆ ಏಳಲಿಲ್ಲ. ಬರಿಗಾಲಲ್ಲೇ ಓಡಿದೆ. ಅಣ್ಣ ಮೂಲೆಯಲ್ಲಿ ನಿಂತು, ಬಂದವರು ಅಲ್ಲೇ ನಿಲ್ಲಿಸಿದ್ದ ಕಾರಿಗೆ ತಾಗದಂತೆ ಆಟೋಗಳನ್ನು ಬದಿಗೆ ಸರಿಸುತ್ತಿದ್ದ. ಕೈ ಹಿಡಿದು ಎಳೆತಂದು ಎಲ್ಲರೆದುರು ನಿಲ್ಲಿಸಿದೆ.

"ಇವ್ನೇ ರೀ ಸೋದರಮಾವ. ನನ್ನ ಒಡಹುಟ್ಟಿದ ಅಣ್ಣ. ಬರಬ್ಯಾಡ ಅಂದಾಕಿ ನಾನ."

ಹುಡುಗನ ತಂದೆ ಎದ್ದು ಅವನಿಗೆ ಕೈಮುಗಿದರು. "ಹಂಗಾದ್ರ ನಿಮ್ಮನ್ನೇ ಕೇಳ್ಬೇಕಲ್ರಿ. ಹುಡುಗೀನ ನಮ್ಮನಿಗೆ ಕೊಡ್ತೀರೇನು?"

ಯಾವ ಮಾತಿಗೂ ಸೋಲದ ನಮ್ಮಣ್ಣ ನನ್ನ ಮಗಳ ತಲೆಯ ಮೇಲೆ ಒಂದು ಕೈ ಇಟ್ಟು, ಇನ್ನೊಂದರಲ್ಲಿ ಟವೆಲು ಹಿಡಿದು ಮುಖ ಮುಚ್ಚಿಕೊಂಡ.