ಬೀಗರ ಮನೆಯ ಮಿತಾಹಾರಿ

ಅರ್ಹತೆಯಿಲ್ಲದೆ ಸಿಕ್ಕ ಹೊಗಳಿಕೆಯಷ್ಟು ಸುಲಭವಾಗಿ ಜೀರ್ಣವಾಗುವ ಪದಾರ್ಥ ಇನ್ನೊಂದಿಲ್ಲ ಎಂಬುದನ್ನು ನಾನು ಈ ಇಳಿವಯಸ್ಸಿನಲ್ಲಿ ಕಂಡುಕೊಂಡೆ. ಅನುಭವದ ಮಾತು ಇದು, ಏಕೆಂದರೆ ಬೇರೆ ಯಾವ ಪದಾರ್ಥವೂ ನನಗೆ ಈಗ ಅಷ್ಟು ಸುಲಭವಾಗಿ ಒಳಗೆ ಇಳಿಯುವುದಿಲ್ಲ. ತೂಕ ಇಳಿಸಲೆಂದು ಡಾಕ್ಟರು ಆಪರೇಷನ್ ಮಾಡಿ ನನ್ನ ಹೊಟ್ಟೆಯನ್ನು ಒಂದು ದೊಡ್ಡ ನಿಂಬೆಹಣ್ಣಿನಷ್ಟು ಮಾಡಿಟ್ಟಿದ್ದಾರೆ. ಈ ಸಂಗತಿಯನ್ನು ಮುಚ್ಚಿಟ್ಟು ನಾನು ಕೆಲವು ತಿಂಗಳು ಹರಿಹರದ ಬೀಗರ ಮನೆಯಲ್ಲಿ ನಾಲಿಗೆ ಗೆದ್ದ ಮಹಾನುಭಾವನಂತೆ ಮೆರೆದೆ. ಅದರಿಂದ ಒಬ್ಬ ಒಳ್ಳೆಯ ಮನುಷ್ಯನ ಜೀವಕ್ಕೇ ಸಂಚಕಾರ ಬಂದಿತ್ತು. ನಾನು ಓದಿದ್ದು ಹತ್ತನೆಯ ತರಗತಿಯವರೆಗೆ ಮಾತ್ರ. ಆದರೆ ತಪ್ಪು ಒಪ್ಪಿಕೊಳ್ಳಲು ಅದಕ್ಕಿಂತ ಹೆಚ್ಚಿನ ಕನ್ನಡ ಬೇಕಾಗಲಾರದು ಎಂದುಕೊಂಡು ಬರೆಯುತ್ತಿದ್ದೇನೆ.

ನನ್ನದು ದಾವಣಗೆರೆಯ ಮಂಡಿಪೇಟೆಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಈಗ ಮಗ ನೋಡಿಕೊಳ್ಳುತ್ತಾನೆ. ನನ್ನ ಕಾಲದಲ್ಲಿ ಬೆಳಿಗ್ಗೆ ಗಾದಿಯ ಮೇಲೆ ಕೂತರೆ ಏಳುತ್ತಿದ್ದುದು ಸಂಜೆಗೆ. ನಡುವೆ ನಡೆಯುತ್ತಿದ್ದ ವ್ಯಾಯಾಮವೆಂದರೆ ದವಡೆಯದು ಮಾತ್ರ. ರೈತ ಬಂದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಬೇಕು. ಖರೀದಿದಾರ ಬಂದರೆ ದೋಸೆ ತರಿಸಬೇಕು. ಇಬ್ಬರೂ ಬಾರದಿದ್ದರೆ ಬೇಸರ ಕಳೆಯಲು ಏನಾದರೂ ತರಿಸಬೇಕು. ಬಂದವರನ್ನು ಒಂಟಿಯಾಗಿ ತಿನ್ನಲು ಬಿಡುವುದು ನಮ್ಮ ಪೇಟೆಯ ಪದ್ಧತಿಯಲ್ಲ. ಪದ್ಧತಿಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವನು ಒಂದು ದಿನ ತಮಾಷೆಗೆಂದು ಅಂಗಡಿಯ ತೂಕದ ಯಂತ್ರದ ಮೇಲೆ ನಿಂತೆ. ಪಕ್ಕದಲ್ಲಿದ್ದ ಹಮಾಲಿ ಬಸಪ್ಪ ಮುಳ್ಳು ಎಲ್ಲಿ ನಿಂತಿತೆಂದು ಬಗ್ಗಿ ನೋಡಿ, "ಸಾವ್ಕಾರ್ರೆ, ನಿಮ್ನ ಹೊರಾಕ ಇಬ್ರು ಬೇಕು ಬಿಡ್ರಿ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೊಣಕಾಲು ಮಾತ್ರ ನಗಲಿಲ್ಲ. ಮುಂದೆ ಸಕ್ಕರೆ ಕಾಯಿಲೆ ಬಂತು, ಗೊರಕೆಗೆ ಹೆದರಿ ಹೆಂಡತಿ ಗೌರಮ್ಮ ನಡುಮನೆಗೆ ವಲಸೆ ಹೋದಳು, ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕೆಳಗಿನ ಮೆಟ್ಟಿಲಿನಲ್ಲೇ ಉಳಿಯತೊಡಗಿತು. ಡಾಕ್ಟರು ಪಥ್ಯ ಹೇಳಿದರು. ಪಥ್ಯವನ್ನೂ ನಾನು ಊಟದ ಜೊತೆಗೆ ತಿಂದೆ. ಕೊನೆಗೆ ಅವರು ಆಪರೇಷನ್ ಹೇಳಿದರು.

ಆಪರೇಷನ್ನಿಗೆ ನಾನು ಹೆದರಲಿಲ್ಲ, ಜನಕ್ಕೆ ಹೆದರಿದೆ. ಹೃದಯದ ಆಪರೇಷನ್ ಆದವನನ್ನು ಮಂಡಿಪೇಟೆ ಕೈಹಿಡಿದು ಗಾದಿಯ ಮೇಲೆ ಕೂರಿಸುತ್ತದೆ. ತಿನ್ನುವುದು ಬಿಡಲಾರದೆ ಹೊಟ್ಟೆ ಹೊಲಿಸಿಕೊಂಡವನನ್ನು ಏನು ಮಾಡುತ್ತದೆ ಎಂದು ನನಗೆ ಗೊತ್ತಿತ್ತು, ಏಕೆಂದರೆ ಬೇರೆಯವರ ವಿಷಯದಲ್ಲಿ ನಾನೇ ಅದನ್ನು ಮಾಡುತ್ತಿದ್ದೆ. ಹಾಗಾಗಿ ಹರ್ನಿಯಾ ಎಂದು ಪ್ರಕಟಿಸಿದೆ. ಚೀಲ ಎತ್ತುವ ಪೇಟೆಯಲ್ಲಿ ಹರ್ನಿಯಾಕ್ಕೆ ಒಂದು ಗೌರವವಿದೆ. ನಾನು ಜೀವಮಾನದಲ್ಲಿ ಒಂದು ಚೀಲವನ್ನೂ ಎತ್ತಿದವನಲ್ಲ ಎಂಬುದು ಯಾರಿಗೂ ನೆನಪಾಗಲಿಲ್ಲ. ನಿಜ ಗೊತ್ತಿದ್ದದ್ದು ಹೆಂಡತಿಗೆ, ಮಗನಿಗೆ, ಮತ್ತು ಆಸ್ಪತ್ರೆಯಲ್ಲಿ ಜೊತೆಗಿದ್ದ ಮಗಳು ಶೈಲಾಗೆ. ಶೈಲಾಳನ್ನು ಕೊಟ್ಟಿರುವುದು ಹರಿಹರಕ್ಕೆ; ಅಲ್ಲಿಯವರಿಗೆ ಹರ್ನಿಯಾದ ಸುದ್ದಿಯನ್ನೂ ಮುಟ್ಟಿಸದಂತೆ ಅವಳಿಂದ ಮಾತು ತೆಗೆದುಕೊಂಡಿದ್ದೆ.

ಆಮೇಲಿನ ದಿನಗಳನ್ನು ನಾನು ಕಷ್ಟ ಎನ್ನುವುದಿಲ್ಲ, ವಿಚಿತ್ರ ಎನ್ನುತ್ತೇನೆ. ಮೊದಮೊದಲು ಬೇಳೆ ಕಟ್ಟು, ತೆಳು ಮಜ್ಜಿಗೆ, ಗಂಜಿ. ಗೌರಮ್ಮ ಮೊಮ್ಮಗನಿಗೆ ಹಾಲು ಕುಡಿಸುತ್ತಿದ್ದ ಹಳೆಯ ಒಳಲೆಯನ್ನು ಅಟ್ಟದಿಂದ ತೆಗೆದು, ತಿಕ್ಕಿ ತೊಳೆದು, ಅದರಲ್ಲಿ ಗಂಜಿ ಹಾಕಿ ಕೊಟ್ಟಳು. "ಅಳತಿಗೆ ಸರಿ ಐತೆ ಅಂತ ಕೊಟ್ಟೀನಿ, ಅಣಕಕ್ಕಲ್ಲ" ಅಂದಳು. ಅವಳ ಮುಖ ನೋಡಿದರೆ ಎರಡೂ ಇದ್ದಂತಿತ್ತು. ಆ ಒಳಲೆಯಷ್ಟು ಗಂಜಿ ಕುಡಿದು ಮುಗಿಸಲು ನನಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ನನ್ನ ಹೊಟ್ಟೆಯನ್ನು ನಾನು ಮೊದಲ ಬಾರಿಗೆ ಗಮನಿಸತೊಡಗಿದ್ದು ಆಗಲೇ. ಅರವತ್ತು ವರ್ಷ ಅದು ಹಾಕಿದ್ದನ್ನೆಲ್ಲ ಮಾತಿಲ್ಲದೆ ತುಂಬಿಕೊಂಡ ಗೋದಾಮು; ಈಗ ಹೊಸದಾಗಿ ಸೇರಿದ ಕಟ್ಟುನಿಟ್ಟಿನ ಗುಮಾಸ್ತನಂತೆ ಒಂದೊಂದು ತುತ್ತನ್ನೂ ತಡೆದು ವಿಚಾರಿಸುತ್ತದೆ. ಚೆನ್ನಾಗಿ ಅಗಿಯದೆ ನುಂಗಿದರೆ ತುತ್ತು ಎದೆಯ ನಡುವೆ ಕೂತುಬಿಡುತ್ತದೆ. ತುಂಬಿತು ಎನ್ನುವುದನ್ನು ಹೊಟ್ಟೆ ಹೇಳುವುದಿಲ್ಲ, ಮೂಗು ಹೇಳುತ್ತದೆ. ಮೂಗು ಸೋರಿ, ಕಣ್ಣಲ್ಲಿ ನೀರು ಬರುತ್ತದೆ. ಹೊಟ್ಟೆಗೂ ಮೂಗಿಗೂ ಏನು ಸಂಬಂಧ ಎಂದು ಡಾಕ್ಟರನ್ನು ಕೇಳಿದೆ. ಕೆಲವರಿಗೆ ಹಾಗಾಗುತ್ತದೆ ಎಂದರು. ಊಟದ ಜೊತೆ ನೀರು ಕುಡಿಯಬಾರದು, ಸಿಹಿ ಮುಟ್ಟಬಾರದು ಎಂದೂ ಹೇಳಿದ್ದರು. ಮುಟ್ಟಿದರೆ ಏನಾಗುತ್ತದೆ ಎಂಬ ಕುತೂಹಲಕ್ಕೆ ಒಮ್ಮೆ ಅರ್ಧ ಹೋಳಿಗೆ ತಿಂದೆ. ಬೆವರು ಕಿತ್ತುಬಂತು, ಎದೆ ಹೊಡೆದುಕೊಂಡಿತು, ತಲೆ ಗಿರ್ರೆಂದಿತು. ಕುತೂಹಲ ತೀರಿತು. ಇನ್ನೊಂದು ಆಶ್ಚರ್ಯವೆಂದರೆ ಹಸಿವೆನ್ನುವುದೇ ಹೊರಟುಹೋದದ್ದು. ಆದರೆ ಹಸಿವು ಹೋದರೂ ಹನ್ನೊಂದು ಗಂಟೆ ಹೋಗಲಿಲ್ಲ. ಅಂಗಡಿಗೆ ತಿಂಡಿ ಬರುತ್ತಿದ್ದ ಆ ಹೊತ್ತಿಗೆ ಸರಿಯಾಗಿ ಬಾಯಿ ತಾನಾಗಿ ಮೆಣಸಿನಕಾಯಿಯ ದಾರಿ ಕಾಯುತ್ತದೆ.

ಹೀಗೆ ಸಾಕಷ್ಟು ಇಳಿದ ಮೇಲೆ, ಹೊಸದಾಗಿ ಹೊಲಿಸಿದ ಅಂಗಿ ತೊಟ್ಟು, ಮಗಳನ್ನು ನೋಡಲು ಹರಿಹರಕ್ಕೆ ಹೋದೆ. ಬೀಗರು ರುದ್ರಪ್ಪನವರು ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಎತ್ತರದ ಆಳು, ದೊಡ್ಡ ದನಿ, ಅದಕ್ಕಿಂತ ದೊಡ್ಡ ಊಟ. ಸಕ್ಕರೆ ಕಾಯಿಲೆಯೂ ಅದಕ್ಕೆ ತಕ್ಕಂತೆ. ಭಕ್ತಿವಂತರು. ಅವರ ಮನೆಯಲ್ಲಿ ಊಟವೆಂದರೆ ಪ್ರಸಾದ. ತಟ್ಟೆಯಲ್ಲಿ ಒಂದು ಅಗುಳು ಬಿಡುವಂತಿಲ್ಲ, ಕೊನೆಗೆ ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯಬೇಕು. ಹಿಂದೆಲ್ಲ ನಾನು ಇದನ್ನು ಸಲೀಸಾಗಿ ಮಾಡುತ್ತಿದ್ದೆ. ಈಗ ಬಿಡುವುದಕ್ಕೂ ಆಗದು, ಕುಡಿಯುವುದಕ್ಕೂ ಆಗದು. ಆದ್ದರಿಂದ ಎರಡು ಚಮಚ ಅನ್ನ, ಒಂದಿಷ್ಟು ಕಾಳಿನ ಪಲ್ಯ ಸಾಕೆಂದು ಕೈ ಅಡ್ಡ ಹಿಡಿದೆ. ತುತ್ತು ಸಿಕ್ಕಿಹಾಕಿಕೊಳ್ಳದಿರಲೆಂದು ಕಣ್ಣು ಮುಚ್ಚಿ ಅಗಿದೆ. ಕೊನೆಗೆ ಬೆರಳಿನಿಂದ ತಟ್ಟೆಯನ್ನು ಎಷ್ಟು ನಯವಾಗಿ ಒರೆಸಿದೆನೆಂದರೆ ತೊಳೆಯಲು ಅದರಲ್ಲಿ ಏನೂ ಉಳಿಯಲಿಲ್ಲ. ಅಷ್ಟರಲ್ಲಿ ಹೊಟ್ಟೆ ತುಂಬಿ ಕಣ್ಣಲ್ಲಿ ನೀರು ಬಂತು. ಮಾತಾಡಿದರೆ ಬಿಕ್ಕಳಿಕೆ ಬರುತ್ತದೆಂದು ಸುಮ್ಮನೆ ಕೈ ಮುಗಿದೆ.

ತಲೆ ಎತ್ತಿ ನೋಡಿದರೆ ಬೀಗಿತಿ ಸೌಟು ಹಿಡಿದು ಹಾಗೇ ನಿಂತಿದ್ದರು. ಬೀಗರು ಅರೆ ರೊಟ್ಟಿ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಬೀಗ್ರೆ, ಇದೇನ್ರಿ ಇದು? ಹೋದ್ ಸಲ ಬಂದಾಗ ನನ್ ಜೋಡಿ ಪಂದ್ಯ ಕಟ್ಟಿ ಹೋಳ್ಗಿ ಹೊಡ್ದೋರು ನೀವು."

"ಬಿಟ್ಟೆ" ಅಂದೆ.

"ಬಿಡ್ತೀನಿ ಅಂದ್ರ ನಾಲ್ಗಿ ಬಿಡ್ತೈತೇನ್ರಿ? ಹೆಂಗೆ ಬಿಟ್ರಿ ಹೇಳ್ರಿ."

ಇಲ್ಲಿ ಆಪರೇಷನ್ ಎಂಬ ಒಂದು ಮಾತು ಹೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಬಾಗಿಲ ಬಳಿ ಶೈಲಾ ನಿಂತಿದ್ದಳು. ಅವಳ ಕಣ್ಣು ತಪ್ಪಿಸಿ, "ಎಲ್ಲಾ ಮನಸ್ಸಿನಾಗೆ ಐತೆ ಬೀಗ್ರೆ" ಅಂದೆ. ಹೇಳಿದ ಮೇಲೆ ನನಗೇ ಅದು ಎಷ್ಟು ಚೆನ್ನಾಗಿದೆ ಅನ್ನಿಸಿತು.

ಮುಂದಿನ ಸಲ ಹೋದಾಗ ನನ್ನ ಊಟ ನೋಡಲು ಪಕ್ಕದ ಮನೆಯವರಿಬ್ಬರು ಬಂದು ಕೂತಿದ್ದರು. ಅದರ ಮುಂದಿನ ಸಲ ಓಣಿಯ ಒಬ್ಬ ಹಿರಿಯ ಹೆಂಗಸು ಮೊಮ್ಮಗಳಿಂದ ನನ್ನ ಕಾಲು ಮುಟ್ಟಿಸಿ, "ಇವಳು ಬರೇ ಬೇಕ್ರಿ ತಿಂಡಿ ತಿಂತಾಳೆ, ಎರಡು ಮಾತು ಹೇಳ್ರಿ" ಅಂದರು. ಎರಡಲ್ಲ, ಇಪ್ಪತ್ತು ಹೇಳಿದೆ. ಉಣ್ಣುವಾಗ ನೀರು ಕುಡಿಯಬಾರದೆಂದೆ, ತುತ್ತನ್ನು ಪ್ರಸಾದದಂತೆ ಅಗಿಯಬೇಕೆಂದೆ. ಡಾಕ್ಟರು ನನಗೆ ಹೇಳಿದ್ದ ಪಥ್ಯವನ್ನೇ ಅನುಭಾವವೆಂಬಂತೆ ಬಡಿಸಿದೆ. ನಾನು ಹೋದರೆ ಕುರ್ಚಿಯಲ್ಲಿದ್ದವರು ಎದ್ದು ನಿಲ್ಲುತ್ತಿದ್ದರು. ಹಿಂದೆಯೂ ಎದ್ದು ಜಾಗ ಬಿಡುತ್ತಿದ್ದರು, ಆದರೆ ಆಗ ಅದಕ್ಕೆ ನನ್ನ ಗಾತ್ರ ಕಾರಣವಾಗಿತ್ತು. ಬಸ್ಸಿಗೆ ಬಿಡಲು ಬಂದ ಶೈಲಾ ದಾರಿಯಲ್ಲಿ ಹೇಳಿದಳು: "ಅಪ್ಪಾಜಿ, ಮಾವ ದಿನಾ ನಿಮ್ಮ ಮಾತೇ ಆಡ್ತಾರೆ. ಅವರಿಗೆ ನಿಜ ಹೇಳಿಬಿಡ್ರಿ. ಯಾಕೋ ನಂಗೆ ಸರಿ ಕಾಣ್ತಿಲ್ಲ." ಮುಂದಿನ ಸಲ ಹೇಳುತ್ತೇನೆ ಎಂದೆ. ಮುಂದಿನ ಸಲವೂ ಅದನ್ನೇ ಅಂದೆ.

ಒಂದು ಬೆಳಿಗ್ಗೆ ಶೈಲಾಳ ಫೋನು ಬಂತು. ರುದ್ರಪ್ಪನವರು ನನ್ನಂತೆ ಆಗಬೇಕೆಂದು ಯಾರಿಗೂ ಹೇಳದೆ ಊಟವನ್ನು ಎರಡು ಚಮಚಕ್ಕೆ ಇಳಿಸಿದ್ದರಂತೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಮೊದಲಿನಂತೆಯೇ ನುಂಗುತ್ತಿದ್ದರಂತೆ. ಪೂಜೆಗೆ ಹೂ ಕೀಳಲು ಹಿತ್ತಲಿಗೆ ಹೋದವರು ರಕ್ತದ ಸಕ್ಕರೆ ತೀರಾ ಇಳಿದು ಅಲ್ಲೇ ಕುಸಿದುಬಿದ್ದಿದ್ದರು. ಮೈಯೆಲ್ಲ ಬೆವರು, ಕರೆದರೆ ಮಾತಿಲ್ಲ. ಕೂಡಲೇ ಆಸ್ಪತ್ರೆಗೆ ಸಾಗಿಸಿ ಗ್ಲೂಕೋಸ್ ಹಾಕಿಸಿದ ಮೇಲೆ ಕಣ್ಣು ಬಿಟ್ಟರಂತೆ. ಇನ್ನೊಂದು ಸ್ವಲ್ಪ ಹೊತ್ತು ಯಾರೂ ನೋಡದಿದ್ದರೆ ಕಷ್ಟವಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. "ಕಣ್ಣು ಬಿಟ್ಟು ಮಾವ ಏನಂದ್ರು ಗೊತ್ತಾ? 'ನಮ್ ಬೀಗರಿಗೆ ಹೇಳ್ಬ್ಯಾಡ್ರಿ, ನಾನು ಸೋತೆ ಅಂತ ತಿಳ್ಕಂತಾರೆ' ಅಂದ್ರು" ಎಂದಳು ಶೈಲಾ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಕೇಳಿದಳು: "ನೀವು ಹೇಳ್ತೀರೋ, ನಾನು ಹೇಳ್ಲೋ?"

ಅವರು ಮನೆಗೆ ಬಂದ ದಿನ ನಾನು ಹೋದೆ. ಮಂಚದ ಮೇಲೆ ಮಲಗಿದ್ದವರು ನನ್ನನ್ನು ಕಂಡು ಏಳಲು ನೋಡಿದರು. ಬೇಡವೆಂದು ಹಿಡಿದು ಕೂರಿಸಿ, ಪಕ್ಕದಲ್ಲಿ ಕೂತು, ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಮನಸ್ಸಿನ ಹತೋಟಿ ಎನ್ನುವುದೆಲ್ಲ ಸುಳ್ಳು, ನಾನು ಹೊಟ್ಟೆ ಸಣ್ಣ ಮಾಡಿಸಿಕೊಂಡವನು, ನಿಮ್ಮ ಈ ಗತಿಗೆ ನಾನೇ ಕಾರಣ ಎಂದೆ.

ರುದ್ರಪ್ಪನವರು ನಕ್ಕರು. "ನನಗ ಸಮಾಧಾನ ಆಗ್ಲಿ ಅಂತ ನಿಮ್ ಸಾಧನಿ ಮುಚ್ಚಾಕ್ತೀರಿ. ದೊಡ್ಡ ಮನಸು."

ನಾನು ಅಂಗಿ ಎತ್ತಿ ಹೊಟ್ಟೆ ತೋರಿಸಿದೆ. ಈಗಿನ ಆಪರೇಷನ್ನು ಸಣ್ಣ ಸಣ್ಣ ತೂತಿನಲ್ಲೇ ಮುಗಿಯುತ್ತದೆ. ಉಳಿದಿರುವ ಕಲೆಗಳು ಅವರೆಕಾಳಿನಷ್ಟು. ಬೀಗರು ಕನ್ನಡಕ ತರಿಸಿ ಹಾಕಿಕೊಂಡು ಬಗ್ಗಿ ನೋಡಿದರು. "ಇದು ಸೊಳ್ಳಿ ಕಡ್ದು ಕೆರ್ಕೊಂಡಂಗೈತಲ್ರಿ" ಅಂದರು. ಬೀಗಿತಿಯೂ ಬಂದು ದೂರದಿಂದ ನೋಡಿ, ಇಲ್ಲವೆಂದು ತಲೆಯಾಡಿಸಿದರು. ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದವರು ಇವರು. ಸತ್ಯಕ್ಕೆ ಹೊಟ್ಟೆ ಬಿಚ್ಚಿ ತೋರಿಸಿದರೂ ಸಾಲದಾಯಿತು. ಶೈಲಾ ಮುಂದೆ ಬಂದು, "ನಿಜ ಮಾವಾ, ನಾನೇ ಆಸ್ಪತ್ರೆಯಾಗೆ ಜೊತೆಗಿದ್ದೆ" ಅಂದಾಗ ಅವರ ಮುಖ ಬದಲಾಯಿತು. ಇನ್ನು ಬೈಗುಳ ಎಂದು ನಾನು ತಲೆ ತಗ್ಗಿಸಿ ಕೂತೆ.

"ಹಳೇ ಟ್ಯಾಂಕ್ ತೆಗೆದ್ರೋ, ಬೈಪಾಸ್ ಲೈನ್ ಹಾಕಿದ್ರೋ?" ಅಂದರು ರುದ್ರಪ್ಪನವರು.

ಅವರೊಳಗಿನ ಫಿಟ್ಟರ್ ಎದ್ದು ಕೂತಿದ್ದ. ನಾನು ಬೆರಳಿನಿಂದ ಹಾಸಿಗೆಯ ಮೇಲೆ ಗೆರೆ ಎಳೆದು ತೋರಿಸಿದೆ: ಮೇಲೆ ಸಣ್ಣ ಚೀಲ, ಅದಕ್ಕೆ ಕರುಳಿನ ಜೋಡಣೆ, ದೊಡ್ಡ ಹೊಟ್ಟೆ ಪಕ್ಕಕ್ಕೆ. ಜಾಯಿಂಟ್ ಎಲ್ಲಿ, ಲೀಕ್ ಆಗುವುದಿಲ್ಲವೇ, ಒತ್ತಡ ಹೆಚ್ಚಾದರೆ ಏನು ಎಂದು ಒಂದೊಂದೇ ಕೇಳಿದರು.

"ಅಂದ್ರ ಆ ಹಳೇ ಹೊಟ್ಟಿ ಒಳಗೇ ಐತೆ?"

"ಐತೆ. ಅದಕ್ಕೆ ಊಟ ಹೋಗಂಗಿಲ್ಲ ಅಷ್ಟೆ."

"ತಿನ್ನೋ ಆಸಿ?"

"ಅದು ಹಂಗೇ ಐತ್ರಿ."

ಬೀಗರು ಹಿಂದಕ್ಕೊರಗಿ ದೊಡ್ಡದಾಗಿ ಉಸಿರು ಬಿಟ್ಟರು. "ನಾನೊಬ್ನೇ ಹಿಂಗೆ ಅಂತ ತಿಳ್ಕಂಡಿದ್ದೆ ನೋಡ್ರಿ. ಕಣ್ ಮುಚ್ಚಿದ್ರ ಹೋಳ್ಗಿ ಕಾಣ್ತಿತ್ತು. ಬೀಗರು ನೋಡಿದ್ರ ಹಂಗ, ನಾನ್ ನೋಡಿದ್ರ ಹಿಂಗ, ನನ್ ಭಕ್ತಿಯಾಗೇ ಏನೋ ಕೊರತಿ ಐತೆ ಅಂತ ಅತ್ತಿದ್ದೆ." ಆ ಮಾತು ನನಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಕ್ಷಮಿಸಿ ಎಂದು ಅವರ ಕೈ ಹಿಡಿದೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಬೀಗಿತಿ ಒಳಗೆ ಹೋಗುತ್ತ, ನನಗೆ ಕೇಳುವಷ್ಟು ದನಿಯಲ್ಲಿ, "ಹೊಟ್ಟಿ ಹೊಲಿಸ್ಕಂಡೋರು ಬಾಯಿಗೊಂದು ಹೊಲಿಗಿ ಹಾಕಿಸ್ಬೇಕಿತ್ತು" ಅಂದರು. ಅದು ನ್ಯಾಯವಾದ ಮಾತು.

ಈಗ ರುದ್ರಪ್ಪನವರು ಡಾಕ್ಟರು ಹೇಳಿದ ಅಳತೆಯಲ್ಲಿ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ. ನನ್ನ ಆಪರೇಷನ್ನಿನ ಕಥೆಯನ್ನು, ಪೈಪಿನ ವಿವರ ಸಮೇತ, ಓಣಿಯಲ್ಲಿ ಅವರೇ ಸಾರಿದ್ದಾರೆ. ಮಂಡಿಪೇಟೆಗೂ ಅದು ನನಗಿಂತ ಮೊದಲು ತಲುಪಿತು. ಹಮಾಲಿ ಬಸಪ್ಪ, "ಈಗ ಒಬ್ನೇ ಹೊರ್ತೀನಿ ಬರ್ರಿ" ಅಂದ. ಮೊನ್ನೆ ಬೀಗರ ಮನೆಯಲ್ಲಿ ಅವರ ಮಗಳ ಕೂಸಿನ ತೊಟ್ಟಿಲ ಕಾರ್ಯಕ್ರಮವಿತ್ತು. ಓಣಿಯ ಜನವೆಲ್ಲ ಇದ್ದರು. ನಾನು ಒಳಗೆ ಹೋದರೆ ಯಾರೂ ಏಳಲಿಲ್ಲ. ಒಬ್ಬರು ಸ್ವಲ್ಪ ಸರಿದು ಅರ್ಧ ಬೆಂಚು ತೋರಿಸಿದರು. ಕೂತೆ. ಕಾಲು ಮುಟ್ಟಿದ್ದ ಹುಡುಗಿ ನನ್ನ ಮುಂದೆಯೇ ಬೇಕರಿಯ ಖಾರ ತಿನ್ನುತ್ತ ಓಡಿಹೋದಳು. ಯಾರಾದರೂ ಬಂದು ಮೊದಲಿನಂತೆ ಎರಡು ಮಾತು ಹೇಳಿ ಎಂದು ಕೇಳುತ್ತಾರೇನೋ ಎಂದು ಆ ಕಡೆ ಈ ಕಡೆ ನೋಡುತ್ತಿದ್ದೆ. ಪಕ್ಕಕ್ಕೆ ಬಂದು ಕೂತ ರುದ್ರಪ್ಪನವರು ಎಷ್ಟು ಹೊತ್ತಿನಿಂದ ಗಮನಿಸುತ್ತಿದ್ದರೋ, ಮೆಲ್ಲಗೆ ಕೇಳಿದರು: "ಯಾಕ ಬೀಗ್ರೆ, ಯಾರನ್ನ ಹುಡುಕ್ತೀರಿ?"

"ಯಾರನ್ನೂ ಇಲ್ರಿ. ಹಸಿವಾಗೇತಿ, ಊಟಕ್ಕೆ ಯಾವಾಗ ಕರೀತಾರೆ ಅಂತ ನೋಡ್ತಿದ್ದೆ" ಅಂದೆ.

ಅವರು ನನ್ನ ಹೊಟ್ಟೆಯ ಕಡೆ ಒಮ್ಮೆ, ಮುಖದ ಕಡೆ ಒಮ್ಮೆ ನೋಡಿದರು. ಹೊಟ್ಟೆಬಾಕ ಅನ್ನಿಸಿಕೊಳ್ಳಲು ನಾನು ಸುಳ್ಳು ಹೇಳಿದ್ದು ಜೀವನದಲ್ಲಿ ಅದೇ ಮೊದಲು.